ಒಳಗೆ ಇಣುಕದ ಕಾವಲುಗಾರ

ಮೂರು ವರ್ಷದ ಹಿಂದೆ ಒಂದು ರಾತ್ರಿ ನನ್ನ ಫೋನು ಬೇರೆಯವರ ಮನೆಯಲ್ಲಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಗುಂಟ ಓಡಾಡಿದವರಿಗೆ ಮರಳಿನ ಕಥೆ ಹೊಸದಲ್ಲ. ಹೊತ್ತು ಮುಳುಗಿದ ಮೇಲೆ ಟ್ರ್ಯಾಕ್ಟರುಗಳು ಹೊಳೆಗೆ ಇಳಿಯುತ್ತಿದ್ದ ಒಂದು ಜಾಗಕ್ಕೆ ಸುದ್ದಿಗೆಂದು ಹೋಗಿದ್ದೆ. ಮೂರನೇ ಫೋಟೋ ತೆಗೆಯುವಾಗ ಹಿಂದಿನಿಂದ ಒಂದು ಕೈ ಬಂತು, ಫೋನು ಹೋಯಿತು. ಹೊಡೆಯಲಿಲ್ಲ, ಬೈಯಲೂ ಇಲ್ಲ. "ನಾಳೆ ಮುಂಜಾನೆ ಹಿರಿಯರನ್ನ ಕರಕೊಂಡ ಬಾ, ಒಯ್ಯವಂತಿ" ಅಂದರು ಅಷ್ಟೇ.

ಫೋನಿನ ರೊಕ್ಕದ ಚಿಂತೆ ನನಗಿರಲಿಲ್ಲ. ಅದರೊಳಗೆ ಒಬ್ಬನ ದನಿ ಇತ್ತು. ಅದೇ ಹೊಳೆಗೆ ದಿನಗೂಲಿಯ ಮೇಲೆ ಟ್ರ್ಯಾಕ್ಟರು ಹೊಡೆಯುತ್ತಿದ್ದ ಹುಡುಗ, ಎಷ್ಟು ಟ್ರಿಪ್ಪು, ಯಾವ ದಾರಿ, ಯಾರ ಮನೆಯ ಹಿತ್ತಲು ಎಂದು ಹನ್ನೆರಡು ನಿಮಿಷ ನನ್ನೆದುರು ಮಾತಾಡಿದ್ದ. "ನನ್ನ ಹೆಸರು ಬರಬಾರದು ಅಣ್ಣಾರ" ಎಂದು ಮೂರು ಸಲ ಹೇಳಿದ್ದ. ಮೂರು ಸಲವೂ "ಬರಂಗಿಲ್ಲ" ಅಂದಿದ್ದೆ.

ಮರುದಿನ ಊರ ಹಿರಿಯರೊಬ್ಬರು ಮಧ್ಯೆ ನಿಂತು ಫೋನು ಕೊಡಿಸಿದರು. ಪರದೆಯ ಮೇಲೆ ಒಂದು ಸಾಲು ಇತ್ತು: ಬಹಳ ಸಲ ತಪ್ಪು ಪಿನ್ ಹಾಕಲಾಗಿದೆ, ಕಾಯಿರಿ. ರಾತ್ರಿಯೆಲ್ಲ ಒತ್ತಿದ್ದಾರೆ, ತೆರೆದಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟೆ.

ಮುಂದೇನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಸಾಲಿನ ಬಗ್ಗೆ. ರಾತ್ರಿಯಿಡೀ ಒತ್ತಿದರೂ ಫೋನು ಯಾಕೆ ತೆರೆಯಲಿಲ್ಲ? ಒಳಗೆ ಕೂತು "ಇಲ್ಲ" ಅಂದವರು ಯಾರು?

ಇದನ್ನು ನನಗೆ ಹೇಳಿಕೊಟ್ಟವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾನೆ. ಜಾತ್ರೆಗೆ ಬಂದಿದ್ದಾಗ ಅವನ ಮುಂದೆ ಫೋನು ಇಟ್ಟು ಕೇಳಿದೆ.

"ಮಾಮಾ, ಪಿನ್ ಸರಿ ಐತೋ ತಪ್ಪೈತೋ ಅನ್ನೋದು ನಿನ್ನ ಫೋನಿನ ಕರ್ನಲ್‌ಗೂ ಗೊತ್ತಾಗಂಗಿಲ್ಲ. ಅದು ಬ್ಯಾರೆ ಕೋಣಿಯೊಳಗ ತೀರ್ಮಾನ ಆಗತೈತಿ" ಅಂದ.

ಕರ್ನಲ್ ಎಂದರೆ ನನಗೆ ಗೊತ್ತಿದ್ದದ್ದು ಸೈನ್ಯದ ಕರ್ನಲ್. ಇದು ಅದಲ್ಲ. ಫೋನು ಅಥವಾ ಕಂಪ್ಯೂಟರಿನಲ್ಲಿ ಎಲ್ಲ ಆ್ಯಪುಗಳ ಕೆಳಗೆ ಕೂತು ಆಡಳಿತ ನಡೆಸುವ ತಂತ್ರಾಂಶದ ಹೆಸರು ಅದು. ಯಾವ ಆ್ಯಪಿಗೆ ಎಷ್ಟು ಮೆಮೊರಿ, ಯಾರ ಸರದಿ ಯಾವಾಗ, ಕ್ಯಾಮೆರಾ ಯಾರಿಗೆ, ನೆಟ್ ಯಾರಿಗೆ, ಎಲ್ಲವೂ ಅದರ ಕೈಯಲ್ಲಿ. ನಮ್ಮ ಆ್ಯಂಡ್ರಾಯ್ಡ್ ಫೋನುಗಳಲ್ಲಿರುವುದು ಲಿನಕ್ಸ್ ಕರ್ನಲ್. ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಶುರು ಮಾಡಿದ್ದು. ಈಗ ಅದನ್ನು ಜಗತ್ತಿನ ಸಾವಿರಾರು ಜನ ಕೂಡಿ ಬರೆಯುತ್ತಾರೆ. ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳಿಸಬಹುದು. ಒಪ್ಪುವುದು ಬಿಡುವುದು ಅದನ್ನು ನೋಡಿಕೊಳ್ಳುವವರ ಕೈಯಲ್ಲಿ.

ಮನೆಯ ಯಜಮಾನನಂತೆ ಕರ್ನಲ್ ಎಲ್ಲ ಕೋಣೆಗೂ ಹೋಗಬಲ್ಲದು, ಎಲ್ಲ ಪೆಟ್ಟಿಗೆ ತೆಗೆಯಬಲ್ಲದು. ಅದರ ಬಲವೂ ಅದೇ, ಅಪಾಯವೂ ಅದೇ. ಕಳ್ಳನೊಬ್ಬ ಯಜಮಾನನ ತಲೆಯೊಳಗೇ ಹೊಕ್ಕುಬಿಟ್ಟರೆ, ಅಂದರೆ ಕರ್ನಲ್ಲಿನಲ್ಲೇ ದೋಷ ಹುಡುಕಿ ಅದನ್ನು ಹಿಡಿತಕ್ಕೆ ತೆಗೆದುಕೊಂಡರೆ, ಮನೆಯಲ್ಲಿ ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಅದಕ್ಕೇ ಚಿಪ್ಪು ಮಾಡುವವರು ಒಂದು ಉಪಾಯ ಮಾಡಿದರು. ಯಜಮಾನನಿಗೂ ಕಾಣದ ಒಂದು ಒಳಕೋಣೆಯನ್ನು ಚಿಪ್ಪಿನಲ್ಲೇ ಕಟ್ಟಿಬಿಟ್ಟರು.

ನಮ್ಮ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಸುವುದು ಆರ್ಮ್ ಕಂಪನಿಯ ಟ್ರಸ್ಟ್‌ಜೋನ್ ಎಂಬ ವ್ಯವಸ್ಥೆ. ಒಂದೇ ಪ್ರೊಸೆಸರಿನಲ್ಲಿ ಎರಡು ಲೋಕ. ಒಂದರಲ್ಲಿ ಕರ್ನಲ್, ವಾಟ್ಸಾಪ್, ಯೂಟ್ಯೂಬ್, ನಾವು ನೀವು. ಇನ್ನೊಂದರಲ್ಲಿ ಪಿನ್ ನೋಡುವ, ಬೆರಳಚ್ಚು ಹೋಲಿಸುವ, ಕೀಲಿಕೈ ಇಟ್ಟುಕೊಳ್ಳುವ ಸಣ್ಣ ಪ್ರೋಗ್ರಾಮುಗಳು. ಆ ಲೋಕದ ಮೆಮೊರಿಯನ್ನು ಈ ಲೋಕದ ಕರ್ನಲ್ ಓದಲು ಹೋದರೆ ಚಿಪ್ಪೇ ತಡೆಯುತ್ತದೆ. ಆ್ಯಪಲ್ ಕಂಪನಿ 2013ರ ಐಫೋನ್ 5ಎಸ್‌ನಿಂದ ಇದೇ ಕೆಲಸಕ್ಕೆ ಬೇರೆಯದೇ ಪುಟ್ಟ ಪ್ರೊಸೆಸರ್ ಇಟ್ಟಿದೆ.

ನೀವು ಪಿನ್ ಒತ್ತಿದಾಗ ಕರ್ನಲ್ ಅದನ್ನು ಒಳಕೋಣೆಯ ಕಿಂಡಿಯಲ್ಲಿ ಕೊಡುತ್ತದೆ. ಒಳಗಿನವನು ನೋಡಿ "ಹೌದು" ಅಥವಾ "ಅಲ್ಲ" ಅನ್ನುತ್ತಾನೆ. ತಪ್ಪು ಹೆಚ್ಚಾದಂತೆ "ಇಷ್ಟು ಹೊತ್ತು ಕಾಯಿ" ಎಂದು ಕಿಂಡಿ ಮುಚ್ಚುತ್ತಾನೆ. ಆ ಎಣಿಕೆಯೂ ಒಳಗೇ ಇರುವುದರಿಂದ ಫೋನು ಆರಿಸಿ ಹಚ್ಚಿದರೆ ಅದು ಅಳಿಸಿ ಹೋಗುವುದಿಲ್ಲ. ಫೋಟೋ, ಮೆಸೇಜು ಎಲ್ಲವನ್ನೂ ಗೂಢಲಿಪಿಯಲ್ಲಿಡುವ ಕೀಲಿಕೈಯೂ ಆ ಚಿಪ್ಪಿಗೇ ಕಟ್ಟಿಹಾಕಿದ್ದು. ಫೋನು ಬಿಚ್ಚಿ ಮೆಮೊರಿ ಚಿಪ್ಪನ್ನು ಬೇರೆ ಯಂತ್ರಕ್ಕೆ ಹಾಕಿದರೂ ಸಿಗುವುದು ಬರೀ ಕಸ. ಅವತ್ತು ರಾತ್ರಿ ಆ ಮನೆಯಲ್ಲಿ "ಇಲ್ಲ" ಅಂದವನು ಇವನೇ.

ಆಗ ನಾನೊಂದು ಪ್ರಶ್ನೆ ಕೇಳಿದೆ. ಡಿಪ್ಲೊಮಾ ತರಗತಿಯಲ್ಲಿ ನಮ್ಮ ಮೇಷ್ಟ್ರು "ದಡ್ಡ ಪ್ರಶ್ನೆಯನ್ನು ಮೊದಲು ಕೇಳಿ" ಎನ್ನುತ್ತಿದ್ದರು. "ಯಜಮಾನನನ್ನ ನಂಬಂಗಿಲ್ಲ ಅಂತನ ಈ ಕೋಣಿ ಕಟ್ಟಿದ ಮ್ಯಾಲ, ಯಜಮಾನನ ಸಹಾಯ ಯಾಕ ಬೇಕು? ಕರ್ನಲ್‌ದಾಗ ಇದಕ್ಕಂತ ಬ್ಯಾರೆ ಕೋಡ್ ಯಾಕ ಬರೀತಾರ?"

ಹುಡುಗ ನಕ್ಕ. "ಕೋಣಿಯೊಳಗಿದ್ದವಗ ಊಟ ಯಾರು ಕೊಡಬೇಕು ಮಾಮಾ?"

ಒಳಕೋಣೆಗೆ ಹೊರಬಾಗಿಲಿಲ್ಲ, ಅದಕ್ಕೆ ಬೇಕಾದದ್ದೆಲ್ಲ ಕರ್ನಲ್ ಕೈಯಿಂದಲೇ ಬರಬೇಕು. ಪ್ರೊಸೆಸರಿನ ಸಮಯ, ಡಿಸ್ಕಿನಲ್ಲಿ ಜಾಗ, ಹೊರಗಿನ ಸಂದೇಶ. ಬ್ಯಾಂಕಿನ ಲಾಕರ್ ನೆನೆಸಿಕೊಳ್ಳಿ. ಸಿಬ್ಬಂದಿ ನಿಮ್ಮನ್ನು ಕೋಣೆಗೆ ಕರೆದೊಯ್ಯುತ್ತಾರೆ, ತಮ್ಮ ಕೀಲಿಕೈ ತಿರುಗಿಸುತ್ತಾರೆ, ನೀವು ನಿಮ್ಮದು ತಿರುಗಿಸುತ್ತೀರಿ, ಅವರು ಹೊರಗೆ ಹೋಗಿ ನಿಲ್ಲುತ್ತಾರೆ. ಲಾಕರಿನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿಲ್ಲ. ಆದರೆ ಅವರು ಬರದಿದ್ದರೆ ನಿಮ್ಮ ಲಾಕರ್ ತೆರೆಯುವುದೂ ಇಲ್ಲ. ಕರ್ನಲ್ ಕಲಿಯಬೇಕಾದದ್ದು ಈ ನಡತೆ: ಇಣುಕದೆ ಸೇವೆ ಮಾಡುವುದು. ಬಾಗಿಲು ತೆರೆಯಲು ಅದು ನಿರಾಕರಿಸಬಹುದು, ಒಳಗಿರುವುದನ್ನು ನೋಡುವಂತಿಲ್ಲ.

ಫೋನುಗಳಲ್ಲಿರುವ ಇಂಥ ಒಳಕೋಣೆಗಳ ಜತೆ ಮಾತಾಡುವ ಸಾಮಾನ್ಯ ವ್ಯವಸ್ಥೆ ಲಿನಕ್ಸ್ ಕರ್ನಲ್ಲಿಗೆ ಸೇರಿದ್ದು 2017ರಲ್ಲಿ, 4.12ನೇ ಆವೃತ್ತಿಯಲ್ಲಿ. ದೊಡ್ಡ ಕಂಪ್ಯೂಟರುಗಳ ಕಥೆ ಮಾತ್ರ ಉದ್ದವಾಯಿತು. ಅದು ನನಗೆ ಸುದ್ದಿಯ ಹಾಗೇ ಕಂಡಿತು.

ಇಂಟೆಲ್ ಕಂಪನಿ 2013ರಲ್ಲಿ ಎಸ್‌ಜಿಎಕ್ಸ್ ಎಂಬ ವ್ಯವಸ್ಥೆ ಘೋಷಿಸಿತು, 2015ರಿಂದ ಅದು ಚಿಪ್ಪುಗಳಲ್ಲಿ ಬಂತು. ಅದರಲ್ಲಿ ಯಾವುದೇ ಪ್ರೋಗ್ರಾಮು ತನಗಾಗಿ ಒಂದು ಒಳಕೋಣೆ ಕಟ್ಟಿಸಿಕೊಳ್ಳಬಹುದು. ಅದಕ್ಕೆ ಎನ್‌ಕ್ಲೇವ್ ಎಂದು ಹೆಸರು. ಅದರ ಮೆಮೊರಿ ಪ್ರೊಸೆಸರಿನಿಂದ ಹೊರಗೆ ಹೋಗುವಾಗ ಗೂಢಲಿಪಿಯಾಗಿಯೇ ಹೋಗುತ್ತದೆ. ಇದನ್ನು ಲಿನಕ್ಸ್ ಕರ್ನಲ್ಲಿಗೆ ಸೇರಿಸಲು ಮೊದಲ ತಿದ್ದುಪಡಿಗಳು 2016ರಲ್ಲಿ ಬಂದವು. ಒಪ್ಪಿಗೆಯಾಗಿ 5.11ನೇ ಆವೃತ್ತಿಯಲ್ಲಿ ಹೊರಬಂದದ್ದು 2021ರ ಫೆಬ್ರವರಿ 14ರಂದು. ಹತ್ತಿರ ಹತ್ತಿರ ಐದು ವರ್ಷ. ತಿದ್ದಿ ತಿದ್ದಿ ನಲವತ್ತಕ್ಕೂ ಹೆಚ್ಚು ಸಲ ಕಳಿಸಿದರು. ನನ್ನ ಸುದ್ದಿಯನ್ನು ಡೆಸ್ಕಿನವರು ಎರಡು ಸಲ ವಾಪಸ್ ಕಳಿಸಿದರೆ ನಾನು ಮುಖ ಊದಿಸುತ್ತೇನೆ!

ಇಷ್ಟು ತಡವಾಗಲು ಕಾರಣ ಹಲವು. ನನಗೆ ಮುಖ್ಯ ಅನ್ನಿಸಿದ್ದು ಒಂದು. ಒಳಕೋಣೆ ಶುರು ಮಾಡಲು ಒಪ್ಪಿಗೆ ಕೊಡುವವರು ಯಾರು? ಮೊದಲಿನ ಚಿಪ್ಪುಗಳಲ್ಲಿ ಆ ಒಪ್ಪಿಗೆಯ ಬೇರು ಇಂಟೆಲ್‌ನ ಕೀಲಿಕೈಯಲ್ಲಿತ್ತು. ಕಂಪ್ಯೂಟರು ನಿಮ್ಮದು, ರೊಕ್ಕ ನಿಮ್ಮದು, ಅದರೊಳಗೆ ಯಾವ ಎನ್‌ಕ್ಲೇವ್ ನಡೆಯಬೇಕು ಎಂಬ ಮಾತು ಕಂಪನಿಯದು. ತಿಜೋರಿ ಮಾರಿದವನು ಒಳಗೆ ಏನಿಡಬೇಕೆಂಬುದಕ್ಕೂ ತನ್ನ ಸಹಿ ಕೇಳಿದ ಹಾಗೆ. ಲಿನಕ್ಸ್ ಕರ್ನಲ್ಲಿನವರು ಇದಕ್ಕೆ ಒಪ್ಪಲಿಲ್ಲ. ಯಂತ್ರದ ಒಡೆಯನೇ ಆ ಕೀಲಿಕೈ ಬದಲಿಸಲು ಬರಬೇಕು ಅಂದರು. ಮುಂದೆ ಹಾಗೆ ಬದಲಿಸಲು ಬರುವ ಚಿಪ್ಪುಗಳು ಬಂದವು. ಇವತ್ತಿಗೂ ಲಿನಕ್ಸ್ ಕರ್ನಲ್ ಎಸ್‌ಜಿಎಕ್ಸ್ ಅನ್ನು ನಡೆಸುವುದು ಅಂಥ ಚಿಪ್ಪುಗಳಲ್ಲಿ ಮಾತ್ರ.

ಈ ಹಟ ಸುಮ್ಮನೆ ಅಲ್ಲ. ಯಜಮಾನನಿಗೆ ಕಾಣದ ಕೋಣೆಯಲ್ಲಿ ಒಳ್ಳೆಯವರೇ ಇರುತ್ತಾರೆ ಎಂದು ಯಾರು ಹೇಳಿದರು? ಆಸ್ಟ್ರಿಯಾ ದೇಶದ ಗ್ರಾಝ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಕೆಟ್ಟ ಪ್ರೋಗ್ರಾಮೇ ಎನ್‌ಕ್ಲೇವಿನೊಳಗೆ ಅಡಗಿ ಕೂತು ಹೊರಗಿನವರನ್ನು ಕಾಡಬಹುದು ಎಂದು ಮಾಡಿ ತೋರಿಸಿದರು.

ಕರ್ನಲ್ ಮಾಡುವ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಎನ್‌ಕ್ಲೇವುಗಳಿಗೆಂದು ಮೀಸಲಿಟ್ಟ ಮೆಮೊರಿ ಸಣ್ಣದು. ಮೊದಲ ಚಿಪ್ಪುಗಳಲ್ಲಿ ಹೆಚ್ಚೆಂದರೆ 128 ಎಂಬಿ, ಅದರಲ್ಲೂ ಬಳಸಲು ಸಿಗುತ್ತಿದ್ದದ್ದು ನೂರಕ್ಕಿಂತ ಕಡಿಮೆ. ಜಾಗ ತುಂಬಿದಾಗ ಕರ್ನಲ್ ಕೆಲವು ಪುಟಗಳನ್ನು ಎತ್ತಿ ಹೊರಗಿನ ಸಾಮಾನ್ಯ ಮೆಮೊರಿಯಲ್ಲಿ ಇಡಬೇಕು. ಒಂದೊಂದು ಪುಟ 4096 ಬೈಟು. ಎತ್ತುವ ಮೊದಲು ಪ್ರೊಸೆಸರ್ ಅದಕ್ಕೆ ಗೂಢಲಿಪಿಯ ಮೊಹರು ಹಾಕಿ ಒಂದು ಗುರುತನ್ನೂ ಇಟ್ಟುಕೊಳ್ಳುತ್ತದೆ. ಕರ್ನಲ್ ನಡುವೆ ಏನಾದರೂ ತಿದ್ದಿದರೆ, ಅಥವಾ ಹೊಸ ಪುಟದ ಬದಲು ಹಳೆಯದನ್ನು ತಂದುಕೊಟ್ಟರೆ, ವಾಪಸ್ ಇಡುವಾಗ ಸಿಕ್ಕಿಬೀಳುತ್ತದೆ. ನಮ್ಮೂರ ಅಂಚೆಯಣ್ಣ ಲಕೋಟೆ ತರುತ್ತಾನೆ, ಒಯ್ಯುತ್ತಾನೆ, ಒಡೆಯುವುದಿಲ್ಲ. ಅವನು ಒಳ್ಳೆಯವನು ಎಂದು ನಾವು ನಂಬಿದ್ದೇವೆ. ಇಲ್ಲಿ ಅಂಚೆಯಣ್ಣ ಒಳ್ಳೆಯವನೋ ಅಲ್ಲವೋ, ಲಕೋಟೆಯೇ ಅವನನ್ನು ಕಾಯುತ್ತದೆ.

ಇದರಿಂದ ನನ್ನಂಥವನಿಗೆ ಏನು ಲಾಭ? ಸಿಗ್ನಲ್ ಎಂಬ ಮೆಸೇಜ್ ಆ್ಯಪ್ ಇದೆ. ನಿಮ್ಮ ಫೋನಿನಲ್ಲಿರುವ ನಂಬರುಗಳಲ್ಲಿ ಯಾರು ಯಾರು ಸಿಗ್ನಲ್‌ನಲ್ಲಿದ್ದಾರೆ ಎಂದು ಅದು ಹುಡುಕಬೇಕು. ಹಾಗೆ ಹುಡುಕಿದರೆ ನಂಬರಿನ ಪಟ್ಟಿ ಅವರ ಸರ್ವರಿಗೆ ಗೊತ್ತಾಗಿಬಿಡುತ್ತದಲ್ಲ? ಅದಕ್ಕೆ 2017ರಲ್ಲಿ ಅವರು ಆ ಹುಡುಕಾಟವನ್ನು ಸರ್ವರಿನ ಎಸ್‌ಜಿಎಕ್ಸ್ ಒಳಕೋಣೆಯಲ್ಲಿ ಮಾಡುವ ದಾರಿ ಪ್ರಕಟಿಸಿದರು. ಸರ್ವರ್ ನಡೆಸುವವರಿಗೂ ಪಟ್ಟಿ ಕಾಣಬಾರದು ಎಂಬುದು ಉದ್ದೇಶ. ಒಳಗೆ ನಡೆಯುತ್ತಿರುವುದು ತಾವು ಹೇಳಿದ ಪ್ರೋಗ್ರಾಮೇ ಹೌದೋ ಎಂದು ನಿಮ್ಮ ಫೋನು ದೂರದಿಂದಲೇ ಪರೀಕ್ಷಿಸಬಹುದು. ವರದಿಗಾರನ ಫೋನ್ ನಂಬರಿನ ಪಟ್ಟಿ ಎಂದರೆ ಅವನನ್ನು ನಂಬಿದವರ ಪಟ್ಟಿ. ಇದು ಸಣ್ಣ ವಿಷಯವಲ್ಲ.

ಹಾಗಂತ ಒಳಕೋಣೆ ಒಡೆಯಲಾಗದ್ದು ಎಂದು ತಿಳಿಯಬೇಡಿ. 2018ರಲ್ಲಿ ಫೋರ್‌ಶ್ಯಾಡೋ ಎಂಬ ದಾಳಿ ಬೆಳಕಿಗೆ ಬಂತು. ಪ್ರೊಸೆಸರ್ ಮುಂದಿನ ಲೆಕ್ಕವನ್ನು ಊಹಿಸಿ ಮೊದಲೇ ಮಾಡಿಡುವ ಅವಸರದಲ್ಲಿ ಒಳಕೋಣೆಯ ಗುಟ್ಟು ಸೋರುತ್ತಿತ್ತು. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಬಂತು. ಇದು ರೈತರಿಗೆ ತಟ್ಟನೆ ತಿಳಿಯುತ್ತದೆ. ವೋಲ್ಟೇಜ್ ಇಳಿದರೆ ಬೋರಿನ ಮೋಟರು ಗುಂಯ್ ಎನ್ನುತ್ತದೆ, ನೀರು ಎತ್ತುವುದಿಲ್ಲ. ಹಾಗೆಯೇ ಯಜಮಾನನ ಅಧಿಕಾರ ಹಿಡಿದವನು ಪ್ರೊಸೆಸರಿನ ವೋಲ್ಟೇಜನ್ನು ಬೇಕೆಂದೇ ಚೂರು ಇಳಿಸಿದರೆ ಒಳಕೋಣೆಯ ಲೆಕ್ಕ ತಪ್ಪುತ್ತದೆ. ಆ ತಪ್ಪು ಉತ್ತರಗಳಿಂದಲೇ ಕೀಲಿಕೈ ಹೇಗಿದೆ ಎಂದು ಹಿಡಿಯಬಹುದು. ಕೋಣೆಗೆ ಬಾಗಿಲು ಹಾಕಿದ್ದರು, ಆದರೆ ಕರೆಂಟು ಯಜಮಾನನ ಕೈಯಲ್ಲೇ ಇತ್ತು. ಇಂಥ ದೋಷ ಸಿಕ್ಕಾಗಲೆಲ್ಲ ಕಂಪನಿಗಳು ತೇಪೆ ಹಾಕುತ್ತವೆ. ಇಂಟೆಲ್ ತನ್ನ ಕೋರ್ ಚಿಪ್ಪುಗಳಲ್ಲಿ 11ನೇ ತಲೆಮಾರಿನಿಂದ ಎಸ್‌ಜಿಎಕ್ಸ್ ಕೈಬಿಟ್ಟಿತು, ಸರ್ವರುಗಳ ಝಿಯಾನ್ ಚಿಪ್ಪುಗಳಲ್ಲಿ ಉಳಿಸಿಕೊಂಡಿತು.

ಇದೆಲ್ಲ ದೂರದ ಮಾತು ಅನ್ನಿಸಿದರೆ ಊರಲ್ಲಿ ಹೆಬ್ಬೆಟ್ಟು ಒತ್ತಿ ಹಣ ತೆಗೆದುಕೊಳ್ಳುವ ಯಂತ್ರವನ್ನೇ ನೋಡಿ. ಆಧಾರ್ ಪ್ರಾಧಿಕಾರದ ನಿಯಮದಲ್ಲಿ ಆ ಯಂತ್ರಗಳಿಗೆ ಎರಡು ದರ್ಜೆ ಮಾಡಿದ್ದರು, ಎಲ್0 ಮತ್ತು ಎಲ್1. ಎಲ್0ದಲ್ಲಿ ನಿಮ್ಮ ಬೆರಳಚ್ಚಿಗೆ ಗೂಢಲಿಪಿಯ ಮೊಹರು ಹಾಕುವ ಕೆಲಸ ಜತೆಗಿರುವ ಫೋನು ಅಥವಾ ಕಂಪ್ಯೂಟರಿನ ಸಾಮಾನ್ಯ ತಂತ್ರಾಂಶದಲ್ಲಿ ನಡೆಯುತ್ತಿತ್ತು. ಅದರ ಕೀಲಿಕೈ ಅಲ್ಲಿನ ಯಜಮಾನನ ಕಡೆ ಇರುತ್ತಿತ್ತು. ಎಲ್1ರಲ್ಲಿ ಆ ಕೆಲಸ ಒಳಕೋಣೆಯಲ್ಲಿ ಆಗಬೇಕು, ಯಜಮಾನನಿಗೆ ಕೀಲಿಕೈ ಸಿಗಬಾರದು, ಹಳೆಯ ಬೆರಳಚ್ಚನ್ನು ನಡುವೆ ತುರುಕಲೂ ಬರಬಾರದು.

ಆದರೆ ಇಲ್ಲೂ ಒಂದು ಮಿತಿ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಜನರ ಖಾತೆಯಿಂದ ಹಣ ಎತ್ತಿದ ದೂರುಗಳು ಬಂದವು. ಒಳಕೋಣೆ ಎಷ್ಟೇ ಭದ್ರವಿರಲಿ, ಹೊರಗೆ ಕಾಗದದ ಮೇಲೆ ಬಿದ್ದಿರುವ ಬೆರಳಚ್ಚನ್ನು ಅದು ಕಾಯಲಾರದು. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಿ, ಬೇಕಾದಾಗ ಮಾತ್ರ ತೆಗೆಯಬಹುದು. ಮನೆಯ ಹಿರಿಯರಿಗೆ ಇವತ್ತೇ ಮಾಡಿಕೊಡಿ.

ಈಗ ನನ್ನ ಕಥೆಗೆ ಬರುತ್ತೇನೆ. ಇದನ್ನು ಬರೆಯಲು ಮೂರು ವರ್ಷ ಹಿಡಿಯಿತು.

ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟೆ ಅಂದೆನಲ್ಲ. ಮನೆಗೆ ಬಂದು ಫೋನು ತೆರೆದು ನೋಡಿದರೆ ಎಲ್ಲ ಇತ್ತು, ಮೆಮೊರಿ ಕಾರ್ಡು ಇರಲಿಲ್ಲ. ಪಕ್ಕದ ಸಣ್ಣ ತಟ್ಟೆ ಎಳೆದು ಕಾರ್ಡು ತೆಗೆದುಕೊಂಡಿದ್ದರು. ಫೋನಿನ ಸ್ವಂತ ಜಾಗ ತುಂಬಿದೆ ಎಂದು ನಾನೇ ಒಂದು ತಿಂಗಳ ಹಿಂದೆ ರೆಕಾರ್ಡಿಂಗುಗಳನ್ನು ಕಾರ್ಡಿಗೆ ಹಾಕುವ ಹಾಗೆ ಮಾಡಿದ್ದೆ. ಸಾಮಾನ್ಯವಾಗಿ ನಾವು ಹಾಕಿಕೊಳ್ಳುವ ಮೆಮೊರಿ ಕಾರ್ಡಿನಲ್ಲಿರುವುದಕ್ಕೆ ಗೂಢಲಿಪಿ ಇಲ್ಲ. ಯಾವ ಫೋನಿಗೆ ಹಾಕಿದರೂ ಓದುತ್ತದೆ, ಕೇಳಿಸುತ್ತದೆ. ಒಳಕೋಣೆಯ ಕಾವಲುಗಾರ ರಾತ್ರಿಯಿಡೀ ಎದ್ದಿದ್ದು ತನ್ನ ಕೆಲಸ ಮಾಡಿದ್ದ. ಕಾಯಬೇಕಾದ್ದನ್ನು ನಾನು ಅವನ ಕೈಗೆ ಕೊಟ್ಟೇ ಇರಲಿಲ್ಲ, ಹಿತ್ತಲಿನಲ್ಲಿ ಇಟ್ಟಿದ್ದೆ.

ಅದೇ ವಾರ ಆ ಹುಡುಗನನ್ನು ಕೆಲಸಕ್ಕೆ ಕರೆಯುವುದು ನಿಂತಿತು. ಯಾರೂ ಏನೂ ಹೇಳಲಿಲ್ಲವಂತೆ, ಟ್ರ್ಯಾಕ್ಟರಿನ ಕೀಲಿಕೈ ಬೇರೆಯವನ ಕೈಗೆ ಹೋಯಿತು. ಒಂದು ತಿಂಗಳ ಮೇಲೆ ಅವನು ಕಟ್ಟಡದ ಕೆಲಸಕ್ಕೆಂದು ಊರು ಬಿಟ್ಟ. ನಾನು ಹೋಗಿ ಹೇಳಿದೆ, ಕಾರ್ಡಿನ ವಿಷಯ ಪೂರಾ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. "ನೀವು ಹೆಸರು ಹಾಕಲಿಲ್ಲ ಬಿಡ್ರಿ ಅಣ್ಣಾರ" ಅಂದ. ಬೈದಿದ್ದರೆ ಹಗುರಾಗುತ್ತಿತ್ತು.

ಅಂದಿನಿಂದ ನನ್ನ ಫೋನಿನಲ್ಲಿ ಮೆಮೊರಿ ಕಾರ್ಡಿಲ್ಲ. ಪಿನ್ ಆರು ಅಂಕಿಯದು, ಹುಟ್ಟಿದ ದಿನವಲ್ಲ. ಸೆಕ್ಯುರಿಟಿ ಅಪ್‌ಡೇಟ್ ಬಂದ ದಿನವೇ ಹಾಕುತ್ತೇನೆ, ಯಾಕೆಂದರೆ ಕರ್ನಲ್ಲಿನ ದೋಷಗಳಿಗೆ ತೇಪೆ ಬರುವುದು ಅದರಲ್ಲೇ. ದನಿ ಮುದ್ರಿಸುವ ಮೊದಲು ಇದು ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳುತ್ತೇನೆ. ಎಷ್ಟೋ ಸಲ ಬೇಡ ಅನ್ನಿಸುತ್ತದೆ.

ಲಿನಕ್ಸ್ ಕರ್ನಲ್ಲಿನವರು ಹಟ ಹಿಡಿದದ್ದು, ಕೀಲಿಕೈ ಯಂತ್ರದ ಒಡೆಯನ ಕಡೆ ಇರಬೇಕೆಂದು. ನಮ್ಮ ಫೋನುಗಳ ಒಳಕೋಣೆಯಲ್ಲಿ ಯಾವ ಪ್ರೋಗ್ರಾಮು ನಡೆಯಬೇಕು ಎಂಬುದಕ್ಕೆ ಇವತ್ತಿಗೂ ಸಹಿ ಹಾಕುವವರು ಫೋನು ಮತ್ತು ಚಿಪ್ಪು ಮಾಡುವ ಕಂಪನಿಗಳೇ. ಅದು ಬದಲಾಗಬೇಕು ಎಂದು ನನ್ನ ಮನಸ್ಸು. ಆದರೆ ಕೀಲಿಕೈ ನಮ್ಮ ಕೈಗೆ ಬಂದ ಮೇಲೆ ನಾವೂ ಕಾವಲುಗಾರರಾಗಬೇಕಾಗುತ್ತದೆ. ಆ ಹುಡುಗನ ಹನ್ನೆರಡು ನಿಮಿಷದ ಮಟ್ಟಿಗೆ ಕೀಲಿಕೈ ನನ್ನ ಕಡೆಯೇ ಇತ್ತು.

ಕಳೆದ ಯುಗಾದಿಗೆ ಅವನು ಊರಿಗೆ ಬಂದಿದ್ದ. ಹೊಸ ಫೋನು ತೋರಿಸಿ, "ಇದರಾಗ ಕಾರ್ಡು ಹಾಕಲೇನ್ರಿ ಅಣ್ಣಾರ?" ಎಂದು ಕೇಳಿದ. ನಕ್ಕೇ ಕೇಳಿದ. ನನಗೆ ನಗಲು ಸ್ವಲ್ಪ ಹೊತ್ತು ಹಿಡಿಯಿತು.